ಯಾರೂ ಓದದ ಪ್ರತಿಗೇ ಹೆಚ್ಚು ಬೆಲೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ದತ್ತಿಯ ಪತ್ರದಲ್ಲಿ ಒಂದು ಷರತ್ತಿದೆ. ಉಪನ್ಯಾಸ ಪುಸ್ತಕದ ಬಗ್ಗೆ ಇರಬೇಕು, ಸಾಹಿತ್ಯ ವಿಮರ್ಶೆ ಆಗಬಾರದು. ಅದನ್ನು ಬರೆಸಿದ ಹಿರಿಯರು ಎಷ್ಟು ವಿಮರ್ಶೆಯ ಭಾಷಣಗಳಿಗೆ ಕೂತು ದಣಿದಿದ್ದರೋ ಏನೋ! ನನಗಂತೂ ಈ ಷರತ್ತು ಹೇಳಿ ಮಾಡಿಸಿದ ಹಾಗಿದೆ. ಇವತ್ತು ನಾನು ಯಾವ ಕಾದಂಬರಿಯ ಕಥೆಯನ್ನೂ ಆಶಯವನ್ನೂ ಮುಟ್ಟುವುದಿಲ್ಲ. ಕಾಗದ, ರಟ್ಟು, ಹೊಲಿಗೆ, ಜಾಹೀರಾತು, ಬೆಲೆ, ಇಷ್ಟೇ ನನ್ನ ಬಂಡವಾಳ.

ಹೆಸರಾಂತ ಕಾದಂಬರಿಗಳ ಹಳೆಯ ಮುದ್ರಣಗಳನ್ನು ಹುಡುಕಿ, ಕೊಂಡು, ಕೂಡಿಡುವವರ ಒಂದು ಲೋಕವಿದೆ. ಲಂಡನ್ ಮತ್ತು ನ್ಯೂಯಾರ್ಕಿನ ಹರಾಜುಗಳಲ್ಲಿ ಅದರ ವ್ಯವಹಾರ ನಡೆಯುತ್ತದೆ. ಆ ಲೋಕದ ನಿಯಮ ಹೊರಗಿನವರಿಗೆ ವಿಚಿತ್ರ ಎನಿಸುತ್ತದೆ. ಒಂದೇ ವರ್ಷ ಒಂದೇ ಅಚ್ಚುಕೂಟದಿಂದ ಹೊರಬಿದ್ದ ಎರಡು ಪ್ರತಿಗಳಿವೆ ಅನ್ನಿ. ಒಂದನ್ನು ಮೂರು ತಲೆಮಾರು ಓದಿದೆ. ಪುಟದ ಮೂಲೆಗಳು ಮಡಚಿವೆ, ಅಂಚಿನಲ್ಲಿ ಪೆನ್ಸಿಲಿನ ಗೆರೆಗಳಿವೆ, ಒಂದು ಕಡೆ ದೀಪದೆಣ್ಣೆಯ ಕಲೆಯೂ ಇದೆ. ಇನ್ನೊಂದರ ಹಾಳೆಗಳ ಮಡಿಕೆಯನ್ನು ಯಾರೂ ಬಿಡಿಸಿಯೇ ಇಲ್ಲ. ಆಗ ಎಷ್ಟೋ ಪುಸ್ತಕಗಳು ಅಂಚು ಕತ್ತರಿಸದೆ ಬರುತ್ತಿದ್ದವು. ಓದುವವರು ಚೂರಿ ಹಿಡಿದು ಒಂದೊಂದೇ ಮಡಿಕೆ ಸೀಳಿಕೊಂಡು ಮುಂದೆ ಹೋಗಬೇಕಿತ್ತು. ಮಾರುಕಟ್ಟೆಯಲ್ಲಿ ಈ ಎರಡನೆಯದಕ್ಕೆ ಮೊದಲನೆಯದಕ್ಕಿಂತ ಎಷ್ಟೋ ಪಟ್ಟು ಬೆಲೆ. ಓದಲೆಂದೇ ತಯಾರಾದ ವಸ್ತುವನ್ನು ಯಾರೂ ಓದಿಲ್ಲ ಎಂಬ ಗುಣಕ್ಕೆ ಜನ ಹಣ ಸುರಿಯುತ್ತಾರೆ.

ಇದನ್ನು ದುಡ್ಡಿದ್ದವರ ಹುಚ್ಚು ಎಂದು ತಳ್ಳಿಹಾಕಬಹುದು. ನನಗೂ ಇದು ಪೂರ್ತಿ ಒಪ್ಪಿಗೆಯಾದ ಲೋಕವೇನಲ್ಲ. ಆದರೆ ಆ ಹುಚ್ಚಿನಿಂದ ಏನು ಉಳಿಯಿತು, ಅದರ ಕಣ್ಣಿಗೆ ಬೀಳದೆ ಏನು ಹೋಯಿತು ಎಂಬ ಲೆಕ್ಕವನ್ನಾದರೂ ನೋಡಬೇಕು.

ಚಾರ್ಲ್ಸ್ ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ತೆಗೆದುಕೊಳ್ಳೋಣ. ಸಂಗ್ರಾಹಕರ ಲೋಕದಲ್ಲಿ ಇದರಷ್ಟು ಜಗಳ ಎಬ್ಬಿಸಿದ ಪುಸ್ತಕ ಕಡಿಮೆ. ಅದು ಮೊದಲು ಪುಸ್ತಕವಾಗಿ ಬರಲಿಲ್ಲ. 1836ರ ಏಪ್ರಿಲಿನಿಂದ 1837ರ ನವೆಂಬರಿನವರೆಗೆ ತಿಂಗಳಿಗೊಂದರಂತೆ, ಹಸಿರು ಕಾಗದದ ಹೊದಿಕೆಯ ತೆಳ್ಳನೆಯ ಕಂತುಗಳಾಗಿ ಬಂತು. ಕಂತಿಗೆ ಒಂದು ಶಿಲಿಂಗ್. ಪ್ರಕಾಶಕರು ಚಾಪ್‌ಮನ್ ಅಂಡ್ ಹಾಲ್. 1837ರ ಮೇ ತಿಂಗಳಲ್ಲಿ ಡಿಕನ್ಸನ ನಾದಿನಿ ಮೇರಿ ಹೋಗಾರ್ತ್ ತೀರಿಕೊಂಡಳು. ಆ ದುಃಖದಲ್ಲಿ ಅವನು ಬರೆಯಲಾರದೆ ಹೋದ, ಒಂದು ತಿಂಗಳು ಕಂತು ತಪ್ಪಿತು. ಕೊನೆಗೆ ಎರಡು ಕಂತುಗಳನ್ನು ಸೇರಿಸಿ ಒಂದೇ ಹೊದಿಕೆಯಲ್ಲಿ ಕೊಟ್ಟು ಮುಗಿಸಿದರು. ಹೀಗಾಗಿ ಕಂತುಗಳ ಲೆಕ್ಕ ಇಪ್ಪತ್ತು, ಕೈಗೆ ಬರುವ ಹೊದಿಕೆಗಳು ಹತ್ತೊಂಬತ್ತು.

ಈ ಯೋಜನೆ ಹುಟ್ಟಿದ್ದು ಚಿತ್ರಕಾರನಿಂದ. ರಾಬರ್ಟ್ ಸೀಮರ್ ಎಂಬ ಹೆಸರುವಾಸಿ ಕಲಾವಿದ ತಮಾಷೆಯ ಚಿತ್ರಗಳನ್ನು ಬರೆಯುವುದು, ಅವಕ್ಕೆ ಡಿಕನ್ಸ್ ಎಂಬ ಹೊಸ ಹುಡುಗ ಮಾತು ಪೋಣಿಸುವುದು ಎಂದು ಮೊದಲು ಗೊತ್ತಾಗಿತ್ತು. ಹುಡುಗ ಲಗಾಮು ತನ್ನ ಕೈಗೆ ತೆಗೆದುಕೊಂಡ. ಮೊದಲ ಕಂತು ಹೊರಬಂದ ತಿಂಗಳೇ, ಏಪ್ರಿಲ್ 20ರಂದು, ಸೀಮರ್ ಗುಂಡು ಹಾರಿಸಿಕೊಂಡು ಸತ್ತ. ಮೂರನೆಯ ಕಂತಿಗೆ ರಾಬರ್ಟ್ ಬಸ್ ಎಂಬುವನು ಎರಡು ಚಿತ್ರ ಬರೆದ. ಅವು ಹಿಡಿಸಲಿಲ್ಲ, ಅವನನ್ನು ಬಿಡಿಸಿದರು. ಆಮೇಲೆ ಬಂದವನು ಹ್ಯಾಬ್ಲೊ ಬ್ರೌನ್, ಅಂದರೆ 'ಫಿಜ್'. ಬಸ್ ಬರೆದ ಚಿತ್ರಗಳ ಜಾಗದಲ್ಲಿ ಮುಂದೆ ಫಿಜ್‌ನ ಚಿತ್ರಗಳು ಕೂತವು.

ಸಂಗ್ರಾಹಕನಿಗೆ ಈ ದುರಂತವೆಲ್ಲ ಗುರುತು ಹಿಡಿಯುವ ಸಾಧನ! ಮೂರನೆಯ ಕಂತಿನಲ್ಲಿ ಬಸ್‌ನ ಚಿತ್ರಗಳೇ ಇವೆಯೇ? ಹೊದಿಕೆಯ ಮೇಲೆ ಅವನ ಹೆಸರಿದೆಯೇ? ಹಾಗಿದ್ದರೆ ಅದು ಮೊದಲ ಅಚ್ಚಿನದು. ಕೊನೆಯ ಕಂತಿನ ಜೊತೆ ಬಂದ ಚಿತ್ರಮುಖಪುಟದಲ್ಲಿ ಒಂದು ಹೋಟೆಲಿನ ಬಾಗಿಲಿದೆ, ಮೇಲೆ ಮಾಲೀಕನ ನಾಮಫಲಕವಿದೆ. ಭೂತಗನ್ನಡಿ ಹಿಡಿದು ನೋಡಿದರೆ ಮೊದಲ ಪ್ರತಿಗಳಲ್ಲಿ ಹೆಸರು 'ಟೋನಿ ವೆಲರ್' ಎಂದಿರಬೇಕಾದಲ್ಲಿ 'ವೆಲರ್'ನ ಮೊದಲ ಅಕ್ಷರ ಡಬ್ಲ್ಯೂ ಬದಲು ವಿ ಆಗಿದೆ. ಮುಂದೆ ತಿದ್ದಿದರು. ಒಂದು ಅಕ್ಷರದ ಒಂದು ಗೀಟಿನ ಮೇಲೆ ನೂರಾರು ಪೌಂಡು ಮೇಲೆ ಕೆಳಗೆ ಆಗುತ್ತದೆ.

ಆರಂಭದ ಕಂತುಗಳು ಅಷ್ಟು ಅಪರೂಪ ಆಗಲು ಕಾರಣ ಸರಳ. ಮೊದಲು ಅವನ್ನು ಕೊಂಡವರೇ ಇರಲಿಲ್ಲ. ಅಚ್ಚಾದದ್ದು ಸಾವಿರದ ಆಸುಪಾಸು, ಹೊದಿಕೆ ಹಾಕಿಸಿದ್ದು ಅದರಲ್ಲೂ ಕಡಿಮೆ. ನಾಲ್ಕನೆಯ ಕಂತಿನಲ್ಲಿ ಸ್ಯಾಮ್ ವೆಲರ್ ಎಂಬ ಪಾತ್ರ ಕಾಣಿಸಿಕೊಂಡ ಮೇಲೆ ಊರಿಗೆ ಊರೇ ಮುಗಿಬಿತ್ತು. ಕೊನೆಯ ಹೊತ್ತಿಗೆ ತಿಂಗಳಿಗೆ ನಲವತ್ತು ಸಾವಿರ. ತಡವಾಗಿ ಬಂದವರು ಹಿಂದಿನ ಕಂತುಗಳೂ ಬೇಕೆಂದರು, ಅವು ಮತ್ತೆ ಮತ್ತೆ ಅಚ್ಚಾದವು. ಉಕ್ಕಿನ ಚಿತ್ರಫಲಕಗಳು ಸವೆದಾಗ ಫಿಜ್ ಮತ್ತೆ ಕೊರೆದುಕೊಟ್ಟ. ಎರಡನೆಯ ಸಲ ಕೊರೆಯುವಾಗ ಮನುಷ್ಯನ ಕೈ ಮೊದಲಿನಂತೆಯೇ ಓಡುತ್ತದೆಯೇ? ಒಬ್ಬನ ಟೋಪಿ ಓರೆಯಾಯಿತು, ಒಂದು ನಾಯಿ ಮುಖ ತಿರುಗಿಸಿತು. ಆದ್ದರಿಂದ ಇವತ್ತು ಸಿಗುವ 'ಕಂತುಗಳಲ್ಲಿ ಪಿಕ್‌ವಿಕ್' ಸಂಪುಟಗಳಲ್ಲಿ ಬಹುಪಾಲು ಕಲಬೆರಕೆ. ಹತ್ತನೆಯದು ಮೊದಲ ಅಚ್ಚು, ಎರಡನೆಯದು ಮರುಮುದ್ರಣ, ಐದನೆಯದರ ಹೊದಿಕೆ ಬೇರೆ ಯಾವುದೋ ಪ್ರತಿಯದು. 1928ರಲ್ಲಿ ಜಾನ್ ಎಕೆಲ್ ಎಂಬ ಅಮೆರಿಕನ್ನರು ಉತ್ತಮ ಪ್ರತಿಗಳು ಯಾವುವು, ಪ್ರತಿಯೊಂದರಲ್ಲಿ ಏನಿದೆ ಏನಿಲ್ಲ ಎಂದು ಗಣತಿ ಮಾಡಿ ಪುಸ್ತಕವನ್ನೇ ಬರೆದರು. ಜನಗಣತಿ ಗೊತ್ತು, ಜಾನುವಾರು ಗಣತಿ ಗೊತ್ತು. ಪ್ರತಿಗಣತಿ ಎಂಬುದೂ ಒಂದು ಇದೆ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈ ಕಂತುಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಕಥೆಯ ಹಿಂದೆ ಮುಂದೆ ಹೊಲಿದ ಜಾಹೀರಾತಿನ ಹಾಳೆಗಳು. ಗುಳಿಗೆ, ಕೂದಲೆಣ್ಣೆ, ಛತ್ರಿ, ಮಳೆಯಂಗಿ, ವಿಮೆ, ಹೊಸ ಪುಸ್ತಕ ಎಲ್ಲವೂ ಅಲ್ಲಿವೆ. 1852-53ರಲ್ಲಿ 'ಬ್ಲೀಕ್ ಹೌಸ್' ಕಂತುಗಳಾಗಿ ಬರುವಾಗ ಮೋಸೆಸ್ ಅಂಡ್ ಸನ್ ಎಂಬ ಸಿದ್ಧ ಉಡುಪಿನ ಅಂಗಡಿಯವರು ಆ ಕಾದಂಬರಿಯ ಹೆಸರಿನ ಮೇಲೆಯೇ ಚೇಷ್ಟೆ ಮಾಡಿ, ಚಳಿಗಾಲಕ್ಕೆ ನಮ್ಮ ಕೋಟು ಕೊಳ್ಳಿ ಎಂದು ಜಾಹೀರಾತು ಬರೆಸಿದ್ದರು. ಮೂಲ ಓದುಗ ಆ ಕಾದಂಬರಿಯನ್ನು ಓದಿದ್ದು ಕೋಟು, ಗುಳಿಗೆಗಳ ನಡುವೆ. ಕಂತುಗಳೆಲ್ಲ ಮುಗಿದ ಮೇಲೆ ಅವನು ಮಾಡಿದ್ದೇನು? ಎಲ್ಲವನ್ನೂ ಬೈಂಡರ್ ಬಳಿ ಕೊಂಡೊಯ್ದ. ಬೈಂಡರ್ ಹೊದಿಕೆಗಳನ್ನೂ ಜಾಹೀರಾತುಗಳನ್ನೂ ಕಿತ್ತು ಬುಟ್ಟಿಗೆ ಹಾಕಿ, ಕಥೆಯನ್ನಷ್ಟೇ ಚರ್ಮದ ರಟ್ಟಿನಲ್ಲಿ ಕಟ್ಟಿಕೊಟ್ಟ. ದೊಡ್ಡ ದೊಡ್ಡ ಗ್ರಂಥಾಲಯಗಳೂ ಹೀಗೇ ಮಾಡಿದವು. ಕಪಾಟಿನಲ್ಲಿ ಸಾಲಾಗಿ ನಿಲ್ಲುವ ಗಟ್ಟಿ ಪುಸ್ತಕ ಅವರಿಗೆ ಬೇಕಿತ್ತು. ಆ ಹಸಿರು ಹೊದಿಕೆಗಳು ಇವತ್ತು ಉಳಿದಿದ್ದರೆ ಅದು ಯಾರೋ ಸೋಮಾರಿ ಓದುಗನ ಮತ್ತು ಆಮೇಲೆ ಬಂದ ಹಟಮಾರಿ ಸಂಗ್ರಾಹಕನ ಪುಣ್ಯ.

ಕಂತುಗಳ ಹೊರತಾಗಿ ಇನ್ನೊಂದು ರೂಪ ಮೂರು ಸಂಪುಟದ ಕಾದಂಬರಿ. ವಾಲ್ಟರ್ ಸ್ಕಾಟನ 'ಕೆನಿಲ್‌ವರ್ತ್' 1821ರಲ್ಲಿ ಮೂವತ್ತೊಂದೂವರೆ ಶಿಲಿಂಗಿಗೆ ಬಂತು, ಆ ಬೆಲೆಯೇ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಟ್ಟಿಯಾಗಿ ನಿಂತಿತು. ಅಷ್ಟು ಕೊಟ್ಟು ಕೊಳ್ಳುವ ಸಂಸಾರಸ್ಥರು ಎಲ್ಲಿದ್ದಾರೆ? ಕೊಳ್ಳುತ್ತಿದ್ದದ್ದು ಬಾಡಿಗೆ ಗ್ರಂಥಾಲಯಗಳು. ಚಾರ್ಲ್ಸ್ ಮ್ಯೂಡಿ 1842ರಲ್ಲಿ ಶುರು ಮಾಡಿದ ಗ್ರಂಥಾಲಯದಲ್ಲಿ ವರ್ಷಕ್ಕೆ ಒಂದು ಗಿನಿ ಕಟ್ಟಿದರೆ ಒಂದು ಸಲಕ್ಕೆ ಒಂದು ಸಂಪುಟ ಸಿಗುತ್ತಿತ್ತು. ಕಾದಂಬರಿ ಮೂರು ಸಂಪುಟವಾದರೆ ಒಂದೇ ಕಥೆ ಏಕಕಾಲಕ್ಕೆ ಮೂರು ಮನೆಗಳಲ್ಲಿ ಓಡಾಡುತ್ತದೆ, ಅವಸರದವರು ಇನ್ನೂ ಎರಡು ಚಂದಾ ಕಟ್ಟುತ್ತಾರೆ. ಲೆಕ್ಕ ಚೆನ್ನಾಗಿತ್ತು! ಈ ಅಳತೆಗೆ ಹೊಂದಿಸಲು ಲೇಖಕರು ಕಥೆ ಎಳೆದರು. ಕಥೆ ಚಿಕ್ಕದಿದ್ದರೆ ಪ್ರಕಾಶಕರು ಜೋಡಿಸಿದರು. 1847ರ ಡಿಸೆಂಬರಿನಲ್ಲಿ ಎಮಿಲಿ ಬ್ರಾಂಟಿಯ 'ವುದರಿಂಗ್ ಹೈಟ್ಸ್' ಮೊದಲ ಎರಡು ಸಂಪುಟಗಳಾಗಿ, ತಂಗಿ ಆ್ಯನ್‌ಳ 'ಆ್ಯಗ್ನೆಸ್ ಗ್ರೇ' ಮೂರನೆಯ ಸಂಪುಟವಾಗಿ, ಒಂದೇ ಗಂಟಿನಲ್ಲಿ ಹೊರಬಂತು. ಎರಡು ಬೇರೆ ಬೇರೆ ಕಾದಂಬರಿಗಳು. ಮುಖಪುಟಗಳಲ್ಲಿ ಅವರು ಇಟ್ಟುಕೊಂಡ ಗಂಡಸರ ಹೆಸರುಗಳು. ಪ್ರಕಾಶಕ ನ್ಯೂಬಿ ಖರ್ಚಿನ ಪಾಲಿಗೆಂದು ಅಕ್ಕತಂಗಿಯರಿಂದಲೇ ಐವತ್ತು ಪೌಂಡು ವಸೂಲು ಮಾಡಿಕೊಂಡಿದ್ದ. ಇವತ್ತು ಆ ಮೂರು ಸಂಪುಟಗಳು ಮೂಲ ಬಟ್ಟೆಯ ರಟ್ಟಿನಲ್ಲಿ ಸಿಕ್ಕರೆ ಮನೆ ಕೊಳ್ಳಬಹುದು.

ಈ ಪುಸ್ತಕಗಳು ಚೆನ್ನಾಗಿ ಉಳಿಯುವುದು ಕಷ್ಟವೇ ಇತ್ತು. ಬಹುಪಾಲು ಪ್ರತಿಗಳು ಬಾಡಿಗೆಗೆ ಹೋಗಿ ಬಂದವು. ರಟ್ಟಿನ ಮೇಲೆ ಮ್ಯೂಡಿಯ ಚೀಟಿ ಅಂಟಿತು, ಬೆನ್ನು ಸಡಿಲವಾಯಿತು, ಬೇಡಿಕೆ ಇಳಿದ ಮೇಲೆ ಹರಾಜಿಗೆ ಬಿದ್ದವು. 1894ರಲ್ಲಿ ಮ್ಯೂಡಿ ಮತ್ತು ಸ್ಮಿತ್ ಬಾಡಿಗೆ ಗ್ರಂಥಾಲಯಗಳೇ ಇನ್ನು ಈ ಬೆಲೆ ಕೊಡಲಾರೆವು ಎಂದಾಗ ಮೂರು ಸಂಪುಟದ ಪದ್ಧತಿ ನಾಲ್ಕಾರು ವರ್ಷಗಳಲ್ಲೇ ಕುಸಿಯಿತು.

ಆಮೇಲೆ ಮೈಕೆಲ್ ಸ್ಯಾಡ್ಲಿಯರ್ ಬಂದರು. ಪ್ರಕಾಶನ ಸಂಸ್ಥೆಯಲ್ಲಿ ಕೆಲಸ, ತಾವೂ ಕಾದಂಬರಿಕಾರರು. ಟ್ರಾಲಪ್‌ನಂಥ ಲೇಖಕರನ್ನು ಯಾರೂ ಕೇಳದ ಕಾಲದಲ್ಲಿ ಅಗ್ಗದ ಬೆಲೆಗೆ ವಿಕ್ಟೋರಿಯನ್ ಕಾದಂಬರಿಗಳನ್ನು ಮೂಲ ರಟ್ಟಿನಲ್ಲಿ ಕೂಡಿಹಾಕಿದರು. ದೊಡ್ಡ ಹೆಸರಿನವರನ್ನಷ್ಟೇ ಅಲ್ಲ, ಎಲ್ಲರೂ ಮರೆತ ಮೂರನೆಯ ದರ್ಜೆಯವರನ್ನೂ ಸೇರಿಸಿದರು. 1951ರಲ್ಲಿ ಎರಡು ಸಂಪುಟಗಳ ಅವರ ಸೂಚಿ ಹೊರಬಂತು, ಸಂಗ್ರಹ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿತು. ವಿಕ್ಟೋರಿಯನ್ ಪ್ರಕಾಶನದ ಬಗ್ಗೆ ಅಲ್ಲಿಂದೀಚೆಗೆ ಕೆಲಸ ಮಾಡಿದವರೆಲ್ಲ ಆ ಸೂಚಿಯ ಋಣದಲ್ಲಿದ್ದಾರೆ. ಸಂಗ್ರಹ ಎಂದರೆ ನನಗೆ ಇಂಥದ್ದು. ಕೊಂಡದ್ದನ್ನು ವಿವರಿಸಿ ಬರೆಯದವನು ಬರೀ ದಾಸ್ತಾನುದಾರ.

ವಿವರಿಸಿ ಬರೆಯುವ ಕೆಲಸವೂ ಹೇಗೆ ಕೆಡಬಹುದು ಎಂಬುದಕ್ಕೆ ಇನ್ನೊಂದು ಕಥೆ ಇದೆ. ಅದು ಕಾದಂಬರಿಯದಲ್ಲ, ಕವಿತೆಯದು, ಬೇಗ ಹೇಳಿ ಮುಗಿಸುತ್ತೇನೆ. ಥಾಮಸ್ ವೈಸ್ ಎಂಬ ಪ್ರಖ್ಯಾತ ಸಂಗ್ರಾಹಕ ಎಲಿಜಬೆತ್ ಬ್ರೌನಿಂಗ್‌ಳ ಸಾನೆಟ್ಟುಗಳ '1847ರ ಖಾಸಗಿ ಮುದ್ರಣ'ವೊಂದನ್ನು ಬೆಳಕಿಗೆ ತಂದಿದ್ದ. 1934ರಲ್ಲಿ ಜಾನ್ ಕಾರ್ಟರ್, ಗ್ರಹಾಂ ಪೊಲಾರ್ಡ್ ಎಂಬ ಇಬ್ಬರು ಯುವ ಪುಸ್ತಕ ವ್ಯಾಪಾರಿಗಳು ಕಾಗದವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ರಾಸಾಯನಿಕ ವಿಧಾನದಿಂದ ತಯಾರಿಸಿದ ಮರದ ತಿರುಳಿನ ಕಾಗದ ಅದು, 1870ರ ದಶಕಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಇರಲೇ ಇಲ್ಲ. ಅಚ್ಚುಮೊಳೆಗಳೂ ನಂತರದವು. ಅಂಥ ಹತ್ತಾರು ನಕಲಿಗಳು ಬಯಲಾದವು. ಗ್ರಂಥಸೂಚಿಯ ಪ್ರಾಮಾಣ್ಯವೇ ಆಗಿದ್ದವನು ಆ ನಕಲಿಗಳನ್ನು ತನ್ನ ಸೂಚಿಗಳಲ್ಲೇ ಸೇರಿಸಿ ನಿಜವೆಂದು ನಂಬಿಸಿದ್ದ. ಪುಣ್ಯಕ್ಕೆ ಕಾಗದ ಸುಳ್ಳು ಹೇಳಲಿಲ್ಲ.

ಇಪ್ಪತ್ತನೆಯ ಶತಮಾನದ ಕಾದಂಬರಿಗಳಿಗೆ ಬಂದರೆ ಹುಚ್ಚೆಲ್ಲ ಮೇಲುಹೊದಿಕೆಗೆ ತಿರುಗುತ್ತದೆ. 1925ರ 'ದಿ ಗ್ರೇಟ್ ಗ್ಯಾಟ್ಸ್‌ಬಿ'ಯ ಮೊದಲ ಮುದ್ರಣದ 20,870 ಪ್ರತಿಗಳು ಅಚ್ಚಾದವು. ಬರೀ ಪುಸ್ತಕಕ್ಕೆ ಕೆಲವು ಸಾವಿರ ಡಾಲರ್, ಫ್ರಾನ್ಸಿಸ್ ಕುಗಾಟ್ ಬರೆದ ನೀಲಿ ಹೊದಿಕೆ ಚೆನ್ನಾಗಿದ್ದರೆ ಲಕ್ಷ ಡಾಲರ್ ದಾಟುತ್ತದೆ. ಅದರ ಹಿಂಬದಿಯಲ್ಲಿ 'ಜೇ' ಎಂಬ ಹೆಸರಿನ ಮೊದಲ ಅಕ್ಷರ ಚಿಕ್ಕದಾಗಿ ಬಿದ್ದು, ಕೈಯಿಂದ ತಿದ್ದಿಸಬೇಕಾಯಿತು. ಅಂಗಡಿಯಿಂದ ಮನೆಗೆ ಬಂದ ಕೂಡಲೇ ಜನ ಕಿತ್ತೆಸೆಯುತ್ತಿದ್ದ ಕಾಗದ ಅದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ತಕರಾರನ್ನೂ ಹೇಳಬೇಕು. ಕಳಂಕವಿಲ್ಲದ ಪ್ರತಿಯ ಬೆನ್ನು ಹತ್ತಿದವರ ಕಣ್ಣಿಗೆ ಜನ ನಿಜವಾಗಿ ಓದಿದ ಪುಸ್ತಕ ಬೀಳಲಿಲ್ಲ. ಜೇನ್ ಆಸ್ಟೆನ್‌ಳ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' 1811ರಲ್ಲಿ ಮೂರು ಸಂಪುಟಗಳಲ್ಲಿ ಹದಿನೈದು ಶಿಲಿಂಗಿಗೆ ಬಂದಾಗ ಅದಕ್ಕೆ ಇದ್ದದ್ದು ತಾತ್ಕಾಲಿಕ ಕಾಗದದ ರಟ್ಟು. ಬಟ್ಟೆ ಕೊಂಡವರು ದರ್ಜಿಗೆ ಕೊಡುವ ಹಾಗೆ, ಪುಸ್ತಕ ಕೊಂಡವರು ತಮ್ಮ ಅಂತಸ್ತಿಗೆ ತಕ್ಕ ಚರ್ಮದಲ್ಲಿ ಕಟ್ಟಿಸಿಕೊಳ್ಳುತ್ತಿದ್ದರು. ಆ ತಾತ್ಕಾಲಿಕ ರಟ್ಟು ಉಳಿದ ಪ್ರತಿ ಈಗ ಸಂಗ್ರಾಹಕರ ಕನಸು. ಆದರೆ ಆಸ್ಟೆನ್ ಲಕ್ಷಾಂತರ ಮನೆಗಳನ್ನು ಮುಟ್ಟಿದ್ದು ಆ ದಾರಿಯಲ್ಲಲ್ಲ. 1833ರ ಹೊತ್ತಿಗೆ ಬೆಂಟ್ಲಿ ಎಂಬ ಪ್ರಕಾಶಕರ ಆರು ಶಿಲಿಂಗಿನ ಮಾಲೆ ಬಂತು. ಆಮೇಲೆ ರೈಲು ನಿಲ್ದಾಣಗಳಲ್ಲಿ ಮಾರುವ, ಹಳದಿ ರಟ್ಟಿನ ಅಗ್ಗದ ಮುದ್ರಣಗಳು ಬಂದವು. 1890ರ ದಶಕದಲ್ಲಿ ಲೀವರ್ ಬ್ರದರ್ಸ್‌ನವರು ಸನ್‌ಲೈಟ್ ಸಾಬೂನಿನ ಹೊದಿಕೆಗಳನ್ನು ಕೂಡಿಸಿ ಕಳಿಸಿದವರಿಗೆ ಪುಸ್ತಕ ಬಹುಮಾನ ಕೊಡುತ್ತಿದ್ದರು, ಅದರಲ್ಲಿ ಆಸ್ಟೆನ್ ಕೂಡ ಇದ್ದಳು. ಬಟ್ಟೆ ಒಗೆದು ಗೆದ್ದ ಕಾದಂಬರಿ! ಸಂಗ್ರಾಹಕರೂ ಗ್ರಂಥಾಲಯಗಳೂ ಇವನ್ನು ಕಸ ಎಂದವು. 2019ರಲ್ಲಿ ಜಾನೀನ್ ಬಾರ್ಕಸ್ ಎಂಬ ವಿದ್ವಾಂಸೆ ಇಂಥ ಹರಿದ ಪ್ರತಿಗಳನ್ನೇ ಹುಡುಕಿ, ಅವುಗಳ ಮೇಲೆ ಹೆಸರು ಬರೆದುಕೊಂಡ ಸಾಮಾನ್ಯರ ಜಾಡು ಹಿಡಿದು ಪುಸ್ತಕ ಬರೆದರು. ಆ ಹೊತ್ತಿಗೆ ಕೆಲವು ಮುದ್ರಣಗಳು ಮೊದಲ ಮುದ್ರಣಕ್ಕಿಂತ ಅಪರೂಪವಾಗಿದ್ದವು. ಲಕ್ಷ ಪ್ರತಿ ಅಚ್ಚಾದರೂ ಯಾರೂ ಇಟ್ಟುಕೊಳ್ಳದಿದ್ದರೆ ಅಷ್ಟೇ.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯ ಸೆಲೆಕ್ಟ್ ಪುಸ್ತಕದಂಗಡಿಯಲ್ಲಿ ಇಂಗ್ಲಿಷ್ ಕಾದಂಬರಿ ಹುಡುಕಿದವರಿಗೆ ಎದುರಾಗುವುದು ಬಹುಮಟ್ಟಿಗೆ ವಸಾಹತು ಮುದ್ರಣ. ಮ್ಯಾಕ್‌ಮಿಲನ್ 1886ರಲ್ಲಿ ಭಾರತ ಮತ್ತು ಇತರ ವಸಾಹತುಗಳಿಗೆಂದೇ ಅಗ್ಗದ ಮಾಲೆ ಆರಂಭಿಸಿತು, ಬೇರೆ ಪ್ರಕಾಶಕರೂ ಹಿಂಬಾಲಿಸಿದರು. ಇಂಗ್ಲೆಂಡಿನಲ್ಲಿ ಮಾರುವಂತಿಲ್ಲ ಎಂಬ ಸೂಚನೆ ಒಳಗೆ ಅಚ್ಚಾಗಿರುತ್ತದೆ. ಲಂಡನ್ನಿನ ವ್ಯಾಪಾರಿ ಇದನ್ನು ಕೀಳಾಗಿ ನೋಡಬಹುದು. ನಮ್ಮ ಅಜ್ಜಂದಿರು ಇಂಗ್ಲಿಷ್ ಕಾದಂಬರಿ ಓದಿದ್ದು ಇದೇ ರೂಪದಲ್ಲಿ, ಒಳರಟ್ಟಿನಲ್ಲಿ ಕಾಲೇಜಿನ ಮೊಹರಿನ ಸಮೇತ. ಎದುರು ದಿಕ್ಕಿನ ಪ್ರಯಾಣವೂ ಇದೆ. ಮೈಸೂರಿನಲ್ಲಿ ಕೂತು ಬರೆದ ಆರ್.ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್‌ರಿಂದ ಹೊರಬಂತು, ಗ್ರಹಾಂ ಗ್ರೀನ್ ಒತ್ತಾಸೆಯಿಂದ. ಅದರ ಮೊದಲ ಮುದ್ರಣ ಈಗ ಬೇಡಿಕೆಯ ವಸ್ತು.

ಕನ್ನಡದ ಮಾತು ಬೇರೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ನಾಲ್ಕೇ ವರ್ಷಕ್ಕೆ, 1903ರಲ್ಲಿ, ಕೌಚ್‌ಮನ್ ಎಂಬ ಐ.ಸಿ.ಎಸ್. ಅಧಿಕಾರಿ ಅದನ್ನು ಇಂಗ್ಲಿಷಿಗೆ ತಂದರು. ಗಳಗನಾಥರ ಕಾದಂಬರಿಗಳು 'ಸದ್ಬೋಧ ಚಂದ್ರಿಕೆ'ಯಲ್ಲಿ ಕಂತುಕಂತಾಗಿ ಬಂದವು. ಅವರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ಕಾದಂಬರಿ ಹೊರತಂದಿತು. ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಅಂದರೆ ಪಿಕ್‌ವಿಕ್‌ನ ಸುತ್ತ ಇರುವಷ್ಟೇ ಸ್ವಾರಸ್ಯ ಇಲ್ಲಿಯೂ ಇದೆ, ಕಾಗದದಲ್ಲಿ ಹುದುಗಿದೆ. ಆದರೆ ಇಲ್ಲಿ ಪ್ರಥಮ ಮುದ್ರಣಕ್ಕೆ ಹೇಳಿಕೊಳ್ಳುವಂಥ ಮಾರುಕಟ್ಟೆ ಇಲ್ಲ. ಕಳಂಕವಿಲ್ಲದ ಪ್ರತಿಯನ್ನು ಕಾಪಾಡುವ ಶ್ರೀಮಂತನೂ ಇಲ್ಲ, ಓದಿ ಹರಿದ ಪ್ರತಿಯನ್ನು ಕಾಪಾಡುವ ವಿದ್ವಾಂಸನೂ ಅಪರೂಪ. ಇರುವವನು ಬೈಂಡರ್ ಒಬ್ಬನೇ.

ಅವನನ್ನು ಬೈಯುತ್ತಿಲ್ಲ, ಅವನು ಹೇಳಿದ ಕೆಲಸ ಮಾಡುತ್ತಾನೆ. ಊರಿನ ಒಂದು ಗ್ರಂಥಾಲಯದಲ್ಲಿ ಆ ಕೆಲಸವನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. 1940ರ ದಶಕದ ಒಂದು ಕನ್ನಡ ಕಾದಂಬರಿ. ಮೊದಲು ಚಿತ್ರದ ಮುಖಪುಟ ಕಿತ್ತು ಬಂತು, ಅದರ ಹಿಂದಿನ ಪ್ರಕಾಶಕರ ಪುಸ್ತಕಪಟ್ಟಿಯೂ ಹೋಯಿತು. ಹೊಲಿಗೆ ಬಿಚ್ಚಿ, ಬೆನ್ನಿನ ಪಕ್ಕ ತೂತು ಕೊರೆದು ಹುರಿ ಹಾಕಿದ. ಕಟಿಂಗ್ ಯಂತ್ರಕ್ಕೆ ಕೊಟ್ಟಾಗ ಮೂರೂ ಅಂಚು ನುಣುಪಾಯಿತು. ಅಂಚಿನಲ್ಲಿ ಯಾರೋ ಬರೆದಿದ್ದ ಟಿಪ್ಪಣಿಯ ಅರ್ಧ ಅಕ್ಷರಗಳು ನೆಲದ ಮೇಲೆ ಚೂರಾಗಿ ಬಿದ್ದವು. ರೆಕ್ಸಿನ್ ಹೊದಿಸಿ ಬೆನ್ನಿಗೆ ನಂಬರು ಬರೆದ. ಪುಸ್ತಕ ಗಟ್ಟಿಯಾಯಿತು, ಇನ್ನು ಮೂವತ್ತು ವರ್ಷ ಓಡಾಡಬಲ್ಲದು. ಯಾವಾಗ ಅಚ್ಚಾಯಿತು, ಬೆಲೆ ಎಷ್ಟು, ಮುಖಪುಟ ಯಾರು ಬರೆದರು ಎಂದು ಇನ್ನು ಆ ಪ್ರತಿಯನ್ನು ಕೇಳುವ ಹಾಗಿಲ್ಲ.

ಸ್ಕ್ಯಾನ್ ಆಗಿದೆಯಲ್ಲ ಸ್ವಾಮಿ, ಪುಸ್ತಕ ಯಾಕೆ ಎನ್ನುವವರಿದ್ದಾರೆ. ಸ್ಕ್ಯಾನ್ ಆದದ್ದು ಬಹಳಷ್ಟು ಸಲ ಹೀಗೆ ರಟ್ಟು ಹಾಕಿಸಿದ ಪ್ರತಿಯೇ. ಇಲ್ಲದ ಮುಖಪುಟ ಪರದೆಯ ಮೇಲೆ ಎಲ್ಲಿಂದ ಬರಬೇಕು? ವೈಸನ ನಕಲಿಗಳನ್ನು ಹಿಡಿದುಕೊಟ್ಟ ಕಾಗದದ ನಾರು ಯಾವ ಸ್ಕ್ಯಾನಿನಲ್ಲಿ ಕಾಣುತ್ತದೆ?

ಹತಾಶರಾಗಬೇಕಿಲ್ಲ, ಕೆಲಸ ಶುರು ಮಾಡಲು ಒಂದು ಆಧಾರವಿದೆ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಬ್ರಿಟಿಷ್ ಭಾರತದಲ್ಲಿ ಅಚ್ಚಾದ ಪ್ರತಿ ಪುಸ್ತಕವನ್ನೂ ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಾಂತಗಳು ಪಟ್ಟಿ ಪ್ರಕಟಿಸುತ್ತಿದ್ದವು. ಪುಸ್ತಕದ ಹೆಸರು, ಲೇಖಕ, ಮುದ್ರಕ, ಪುಟ, ಆಕಾರ, ಬೆಲೆ, ಎಷ್ಟನೆಯ ಮುದ್ರಣ, ಎಷ್ಟು ಪ್ರತಿ, ಎಲ್ಲವೂ ಅದರಲ್ಲಿದೆ. ಮಂಗಳೂರಿನದು ಮದರಾಸಿನ ಪಟ್ಟಿಯಲ್ಲಿ, ಧಾರವಾಡದ್ದು ಮುಂಬಯಿಯ ಪಟ್ಟಿಯಲ್ಲಿ ಸಿಗುತ್ತದೆ. ಆ ಸಾಲುಗಳನ್ನು ಎದುರಿಗಿಟ್ಟುಕೊಂಡು, ಎಕೆಲ್ ಪಿಕ್‌ವಿಕ್‌ಗೆ ಮಾಡಿದಂಥ ಗಣತಿಯನ್ನು ನಾವು 'ಇಂದಿರಾಬಾಯಿ'ಯ 1899ರ ಮುದ್ರಣದಿಂದ ಶುರು ಮಾಡಬಹುದು. ಯಾವ ಗ್ರಂಥಾಲಯದಲ್ಲಿ, ಯಾವ ಮನೆಯಲ್ಲಿ ಪ್ರತಿ ಇದೆ, ರಟ್ಟು ಮೂಲದ್ದೇ, ಕೊನೆಯಲ್ಲಿ ಜಾಹೀರಾತಿನ ಪುಟಗಳಿವೆಯೇ, ಹಾಳೆಯ ಅಳತೆ ಎಷ್ಟು, ಯಾರ ಹೆಸರು, ಯಾವ ಮೊಹರು, ಯಾವ ತಾರೀಕು. ಪುಸ್ತಕವನ್ನು ಯಾರೂ ಯಾರಿಗೂ ಕೊಡಬೇಕಾಗಿಲ್ಲ, ವಿವರ ಕೊಟ್ಟರೆ ಸಾಕು. ಈ ದತ್ತಿಯವರು ಒಪ್ಪಿದರೆ ಮುಂದಿನ ವರ್ಷದ ಹಣದ ಒಂದು ಪಾಲನ್ನು ಇದಕ್ಕೆ ಎತ್ತಿಡಲಿ ಎಂದು ಅಧ್ಯಕ್ಷರ ಎದುರಿನಲ್ಲೇ ಕೇಳುತ್ತಿದ್ದೇನೆ.

ಅಷ್ಟರವರೆಗೆ ಅಟ್ಟದ ಮೇಲೆ ಹಳೆಯ ಕಾದಂಬರಿ ಸಿಕ್ಕಿದವರಲ್ಲಿ ಕೆಲವು ಬಿನ್ನಹ. ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದಾಗಿಸಿ ತಿನ್ನುತ್ತದೆ. ಬಿಡಿಹಾಳೆಗಳಿದ್ದರೆ ಹತ್ತಿಯ ಲಾಡಿಯಿಂದ ಕಟ್ಟಿಡಿ. ಬೈಂಡಿಂಗ್ ಮಾಡಿಸಲೇಬೇಕಾದರೆ ಹಳೆಯ ಮುಖಪುಟವನ್ನು ಒಳಗೇ ಸೇರಿಸಿ ಹೊಲಿಯಲು ಹೇಳಿ, ಅಂಚು ಕತ್ತರಿಸಬೇಡ ಎಂದು ಎರಡು ಸಲ ಹೇಳಿ. ಒಂದು ಸಲ ಹೇಳಿದರೆ ಅವನು ಕತ್ತರಿಸಿಯೇ ಕೊಡುತ್ತಾನೆ.